ಒಲೆ ಹೊತ್ತಿಸದ ಅಡುಗೆ

ಪೆರು ದೇಶದ ರಾಜಧಾನಿ ಲಿಮಾದಲ್ಲಿ ಸೆವಿಚೆ ಹೋಟೆಲುಗಳು ಗಿಜಿಗುಡುವುದು ಮಧ್ಯಾಹ್ನ. ಸಂಜೆಯಾಗುವ ಮೊದಲೇ ಹಲವು ಬಾಗಿಲು ಹಾಕುತ್ತವೆ. ಬೆಳಗಿನ ಜಾವ ಹಿಡಿದ ಮೀನು ಮಧ್ಯಾಹ್ನದೊಳಗೆ ತಟ್ಟೆ ಸೇರಬೇಕು ಎಂಬುದು ಅಲ್ಲಿನ ಹಳೆಯ ರೂಢಿ.

ಸೆವಿಚೆ ಹಸಿ ಮೀನಿನ ಸಲಾಡ್. ಮುಳ್ಳು ತೆಗೆದ ಮೀನನ್ನು ಸಣ್ಣ ತುಂಡುಗಳಾಗಿ ಹೆಚ್ಚಿ ಉಪ್ಪು ಹಾಕುತ್ತಾರೆ. ಆಗಷ್ಟೇ ಹಿಂಡಿದ ನಿಂಬೆರಸ, ತೆಳ್ಳಗೆ ಸೀಳಿದ ಕೆಂಪು ಈರುಳ್ಳಿ, ಖಾರದ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬೆರೆಸುತ್ತಾರೆ. ಮೀನಿನ ಸಾರ ಇಳಿದು ಹಾಲಿನಂತಾದ ಆ ಹುಳಿರಸವೇ ಸಲಾಡಿನ ಜೀವ. ಜೊತೆಗೆ ಬೇಯಿಸಿದ ಸಿಹಿಗೆಣಸು, ಮುಸುಕಿನ ಜೋಳ. ಮೆಣಸು, ಗೆಣಸು, ಜೋಳ ಅಮೆರಿಕ ಖಂಡದವೇ. ನಿಂಬೆ, ಈರುಳ್ಳಿ ಸ್ಪೇನಿನವರೊಂದಿಗೆ ಬಂದವು.

2023ರಲ್ಲಿ ಯುನೆಸ್ಕೊ ಈ ಅಡುಗೆಯ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೆಂಕಿ ಸೋಕದಿದ್ದರೂ ಮೀನು ಬೆಳ್ಳಗಾಗಿ ಗಟ್ಟಿಯಾಗುತ್ತದೆ. ನಿಂಬೆಯ ಆಮ್ಲ ಪ್ರೋಟೀನಿನ ರಚನೆಯನ್ನು ಬದಲಿಸುವುದೇ ಇದಕ್ಕೆ ಕಾರಣ. ಆದರೆ ರೋಗಾಣುಗಳನ್ನೂ ಮೀನಿನೊಳಗಿನ ಹುಳುಗಳನ್ನೂ ಕೊಲ್ಲಲು ಹುಳಿಯೊಂದನ್ನೇ ನಂಬುವಂತಿಲ್ಲ. ಆದ್ದರಿಂದ ಬಲ್ಲ ಬಾಣಸಿಗರು ಮೊದಲು ನೋಡುವುದು ಮೀನಿನ ತಾಜಾತನ. ನಂತರ ಮಂಜುಗಡ್ಡೆಯ ತಂಪು, ಹಲಗೆ-ಚಾಕುವಿನ ಶುಚಿ.

ಕಾರವಾರದಿಂದ ಮಂಗಳೂರಿನವರೆಗೆ ತಾಜಾ ಸಿಗಡಿ ಸಿಗುವ ಊರುಗಳಲ್ಲೂ ಇದರ ರುಚಿ ನೋಡಬಹುದು. ಸಿಗಡಿಯ ಕಪ್ಪು ನರ ತೆಗೆದು, ಕುದಿಯುವ ನೀರಿನಲ್ಲಿ ಪೂರ್ತಿ ಬೇಯಿಸಿ, ತಣಿಸಿ. ಬಳಿಕ ನಿಂಬೆರಸ, ಉಪ್ಪು, ಈರುಳ್ಳಿ, ಹಸಿಮೆಣಸು ಕಲಸಿ. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಂತೂ ಹಸಿ ಮೀನು ಬೇಡ, ಬೆಂದದ್ದನ್ನೇ ಬಡಿಸಿ.