ಹಸುವಿನ ಕೊರಳಪಟ್ಟಿಯ ಮಾತು ಯಾರ ಕಿವಿಗೆ ಬೀಳಬೇಕು?

(ಮಠದ ಮಾಸಿಕ ಚಿಂತನಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ನಾನು ಪಶುವೈದ್ಯನಲ್ಲ, ನಿವೃತ್ತ ಎಂಜಿನಿಯರ್. ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂಬಷ್ಟನ್ನು ಹೇಳಬಲ್ಲೆ. ಇಂದಿನ ವಿಷಯ, ಹಸು-ಎಮ್ಮೆಗಳ ಆರೋಗ್ಯ ಗಮನಿಸುವ ಹೊಸ ಉಪಕರಣಗಳು. ಎರಡು ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ ಮನೆ ನಡೆಸುವವರಿಗೆ ಇವು ಬೇಕೇ? ಬೇಕಾದರೆ ಹೇಗೆ? ಅಂಥ ಮನೆಯಲ್ಲಿ ಒಂದು ಹಸು ಸತ್ತರೆ ಹಾಲಿನ ವರಮಾನದಲ್ಲಿ ಅರ್ಧ ಹೋಗುತ್ತದೆ, ಹಸುವಿಗೆ ಮಾಡಿದ ಸಾಲ ಮಾತ್ರ ಉಳಿಯುತ್ತದೆ. ಆದ್ದರಿಂದ ಇದು ಶ್ರೀಮಂತರ ಆಟಿಕೆಯ ಮಾತಲ್ಲ.

ಮೊದಲು ಉಪಕರಣ ಏನೆಂದು ನೋಡೋಣ. ಕೊರಳಿಗೋ ಕಾಲಿಗೋ ಕಟ್ಟುವ ಪಟ್ಟಿಯೊಳಗೆ ಚಲನೆ ಅಳೆಯುವ ಸಣ್ಣ ಚಿಪ್ ಇರುತ್ತದೆ. ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದೇ ಬಗೆಯ ಚಿಪ್. ಹಸು ನಡೆದದ್ದು, ಮಲಗಿದ್ದು, ಮೆಲುಕು ಹಾಕಿದ್ದು ಬೇರೆ ಬೇರೆ ಅಲುಗಾಟಗಳಾಗಿ ಅದರಲ್ಲಿ ದಾಖಲಾಗುತ್ತವೆ. ಆ ಲೆಕ್ಕ ರೇಡಿಯೊ ಮೂಲಕ ಹತ್ತಿರದ ಒಂದು ಪೆಟ್ಟಿಗೆಗೆ, ಅಲ್ಲಿಂದ ಮೊಬೈಲಿಗೆ ಹೋಗುತ್ತದೆ. ಇಂಥವನ್ನು ತಯಾರಿಸುವ ಕಂಪನಿಗಳು ಬೆಂಗಳೂರಿನಲ್ಲೇ ಇವೆ.

ಆರೋಗ್ಯವಂತ ಹಸು ದಿನಕ್ಕೆ ಸುಮಾರು 7–8 ಗಂಟೆ ಮೆಲುಕು ಹಾಕುತ್ತದೆ. ಜ್ವರ, ಅಜೀರ್ಣ, ಕೆಚ್ಚಲು ಬಾವು ಶುರುವಾದರೆ ಮೆಲುಕು ಇಳಿಯುತ್ತದೆ. ಎಷ್ಟೋ ಸಲ ನಮ್ಮ ಕಣ್ಣಿಗೆ ರೋಗ ಕಾಣುವ ಮೊದಲೇ ಇಳಿಯುತ್ತದೆ. ಬೆದೆಗೆ ಬಂದಾಗ ಓಡಾಟ ಹೆಚ್ಚುತ್ತದೆ. ಬೆದೆ ಬರುವುದು ಸುಮಾರು 21 ದಿನಕ್ಕೊಮ್ಮೆ, ಇರುವುದು ಒಂದು ದಿನವೂ ಇಲ್ಲ. ರಾತ್ರಿ ಬಂದು ಹೋದರೆ ತಿಳಿಯುವುದಿಲ್ಲ. ಎಮ್ಮೆಗಳಲ್ಲಂತೂ ಲಕ್ಷಣವೇ ಮಂದ. ಒಂದು ಬೆದೆ ತಪ್ಪಿತೆಂದರೆ ಮತ್ತೆ 21 ದಿನದ ಮೇವು, ಹಿಂಡಿ ದಂಡ. ಇಲ್ಲಿ ಪಟ್ಟಿಯಿಂದ ನಿಜವಾದ ಉಪಯೋಗವಿದೆ.

ಇನ್ನು ಮಿತಿಗಳು. ಈ ಯಂತ್ರಗಳು ಹೆಚ್ಚಾಗಿ ಬೆಳೆದು ಬಂದದ್ದು ನೂರಾರು ಹಸುಗಳು ಬಿಡುಬೀಸಾಗಿ ಓಡಾಡುವ ದೊಡ್ಡ ಕೊಟ್ಟಿಗೆಗಳಲ್ಲಿ. ನಮ್ಮಲ್ಲಿ ಹಗ್ಗದಲ್ಲಿ ಕಟ್ಟಿದ ಹಸು ಬೆದೆಗೆ ಬಂದರೂ ಎಲ್ಲಿ ಓಡಾಡೀತು? ಅದೇ ಹಸುವನ್ನು ಒಂದು ದಿನ ದೂರದ ಗೋಮಾಳಕ್ಕೆ ಹೊಡೆದುಕೊಂಡು ಹೋದರೆ ಸುಳ್ಳು ಎಚ್ಚರಿಕೆ ಬರಬಹುದು. ಪಟ್ಟಿ ರೋಗದ ಹೆಸರನ್ನೂ ಹೇಳುವುದಿಲ್ಲ, 'ಏನೋ ಸರಿಯಿಲ್ಲ' ಎನ್ನುತ್ತದೆ ಅಷ್ಟೆ. 2022ರಲ್ಲಿ ಚರ್ಮಗಂಟು ರೋಗ ನಾಡಿನ ಕೊಟ್ಟಿಗೆಗಳಿಗೆ ನುಗ್ಗಿದಾಗ ಬೇಕಾಗಿದ್ದದ್ದು ಲಸಿಕೆ, ನೊಣ-ಉಣ್ಣೆಗಳ ಹತೋಟಿ ಮತ್ತು ರೋಗ ಬಂದ ಹಸುವನ್ನು ಬೇರೆ ಕಟ್ಟುವುದು. ಆಗ ಮೇಕೆ ಸಿಡುಬಿನ ಲಸಿಕೆಯನ್ನೇ ಬಳಸಿದರು. ಲಸಿಕೆ ಮಾಡುವ ಕೆಲಸವನ್ನು ಯಾವ ಪಟ್ಟಿಯೂ ಮಾಡದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಜಲಾಶಯದಲ್ಲಿ ನೀರಿನ ಮಟ್ಟ ತೋರಿಸುವ ಗೇಜು ಎಷ್ಟೇ ಚೆನ್ನಾಗಿರಲಿ, ಅದರ ಸುದ್ದಿ ಗೇಟು ಎತ್ತುವವನಿಗೆ ತಲುಪದಿದ್ದರೆ ಪ್ರಯೋಜನವಿಲ್ಲ. ಕೊಟ್ಟಿಗೆಯಲ್ಲಿ ಆ ಗೇಟು ಎತ್ತುವವರು ಯಾರು? ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆಯುವವರು ಬಹುಪಾಲು ಮನೆಗಳಲ್ಲಿ ನಮ್ಮ ಅಕ್ಕಂದಿರು, ಅವ್ವಂದಿರು. ಆದರೆ ಡೇರಿಯ ಪಾಸ್‌ಬುಕ್ ಯಾರ ಹೆಸರಲ್ಲಿದೆ? ಮೊಬೈಲ್ ಯಾರ ಜೇಬಿನಲ್ಲಿದೆ? ಎಚ್ಚರಿಕೆಯ ಸಂದೇಶ ಊರಲ್ಲಿಲ್ಲದ ಗಂಡನಿಗೋ, ಬೆಂಗಳೂರಿನಲ್ಲಿರುವ ಮಗನಿಗೋ, ಅದೂ ಇಂಗ್ಲಿಷಿನಲ್ಲಿ ಹೋದರೆ ಹಸುವಿಗೆ ಏನು ಬಂತು? ಸಂಜೆ ಅವನು ನೋಡುವಷ್ಟರಲ್ಲಿ ಬೆದೆ ಮುಗಿದಿರುತ್ತದೆ, ಜ್ವರ ಏರಿರುತ್ತದೆ. ಸಂದೇಶ ಹಾಲು ಕರೆಯುವವರ ಫೋನಿಗೇ ಬರಬೇಕು, ಕನ್ನಡದ ದನಿಯಲ್ಲಿ ಬರಬೇಕು. 'ಇವತ್ತು ಸರಿಯಾಗಿ ಮೇವು ತಿನ್ನಲಿಲ್ಲ' ಎಂದು ಆ ತಾಯಿ ಹೇಳಿದ ಮಾತಿಗೆ ಮನೆಯಲ್ಲಿ ಯಂತ್ರದಷ್ಟೇ ಬೆಲೆ ಸಿಗಬೇಕು. ಕಾಯಕ ಮಾಡುವವರನ್ನು ಬಿಟ್ಟು ಬೇರೆಯವರಿಗೆ ತಿಳಿವಳಿಕೆ ಹಂಚಿದರೆ ಅದು ಅರ್ಧ ಸುಧಾರಣೆ.

ಎರಡನೆಯದು ಖರ್ಚು. ಮನೆಗೊಂದು ಪಟ್ಟಿ ಕೊಳ್ಳುವುದಕ್ಕಿಂತ ಹಾಲು ಉತ್ಪಾದಕರ ಸಂಘವೇ ಕೊಂಡು ಸರದಿಯಂತೆ ಕೊಡಲಿ. ಹಸುವಿನ ಮೇಲೆ ಹೆಚ್ಚು ಕಣ್ಣಿಡಬೇಕಾದದ್ದು ಕರು ಹಾಕುವ ಎರಡು ವಾರ ಮುಂಚಿನಿಂದ ಮತ್ತೆ ಗರ್ಭ ಕಟ್ಟಿಸುವ ಹೊತ್ತಿನವರೆಗೆ, ಅಂದರೆ ಸುಮಾರು 3 ತಿಂಗಳು. ಹಾಗಾದರೆ ಒಂದು ಪಟ್ಟಿ ವರ್ಷಕ್ಕೆ 4 ಹಸುಗಳಿಗೆ ಸಾಕು. ಊರಲ್ಲಿ 100 ಕರೆಯುವ ಹಸುಗಳಿದ್ದರೆ ಸುಮಾರು 25 ಪಟ್ಟಿ ಸಾಕಾಗುತ್ತದೆ. ಒಂದು ಹಸುವಿನಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟುವ ಮೊದಲು ತೊಳೆದು ಸೋಂಕುನಿವಾರಕ ಹಚ್ಚುವುದು ಕಡ್ಡಾಯ.

ಮೂರನೆಯದು, ಕೈಯಲ್ಲಿ ಈಗಾಗಲೇ ಇರುವುದನ್ನು ಬಳಸೋಣ. ಹಸುವಿನ ಕಿವಿಯಲ್ಲಿ 12 ಅಂಕಿಗಳ ಓಲೆ ಇದೆ. ಲಸಿಕೆ, ಗರ್ಭಧಾರಣೆ, ಚಿಕಿತ್ಸೆಯ ದಾಖಲೆ ಆ ಸಂಖ್ಯೆಗೇ ಸೇರುತ್ತದೆ. ಕಿತ್ತು ಬಿಸಾಡಬೇಡಿ. ಒಂದು ಥರ್ಮಾಮೀಟರ್ ಮನೆಯಲ್ಲಿರಲಿ; ಹಸುವಿನ ಸಹಜ ಶಾಖ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ವೈದ್ಯರಿಗೆ ತಿಳಿಸಿ. ಕರು ಹಾಕಿದ ಹಸು ಕಿವಿ ತಣ್ಣಗಾಗಿ ಏಳಲಾರದೆ ಮಲಗಿದರೆ ಅದು ಹಾಲು ಜ್ವರವಿರಬಹುದು. ಹೆಸರಿಗೆ ಜ್ವರ, ಆದರೆ ಅದು ಸುಣ್ಣದಂಶದ ಕೊರತೆ, ಮೈ ಬಿಸಿ ಇರುವುದಿಲ್ಲ. ಒಂದು ಗಳಿಗೆಯೂ ತಡಮಾಡದೆ ವೈದ್ಯರನ್ನು ಕರೆಸಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನ್ ಮಾಡಿ. ಆ ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆಯಿರಿ.

ಮುಂದಿನ ಸಂಘದ ಸಭೆಯಲ್ಲಿ ಯಾರಾದರೂ ಈ ಪಟ್ಟಿಗಳನ್ನು ಮಾರಲು ಬಂದರೆ ನಾಲ್ಕು ಪ್ರಶ್ನೆ ಕೇಳಿ. ಎಚ್ಚರಿಕೆ ಯಾರ ಫೋನಿಗೆ, ಯಾವ ಭಾಷೆಯಲ್ಲಿ ಬರುತ್ತದೆ? ಎಚ್ಚರಿಕೆ ಬಂದ ದಿನ ಕೊಟ್ಟಿಗೆಗೆ ಬರುವವರು ಯಾರು? ಬ್ಯಾಟರಿ ಮುಗಿದರೆ, ಪಟ್ಟಿ ಹರಿದರೆ ರಿಪೇರಿ ಯಾರದು? ನಮ್ಮ ಹಸುಗಳ ಲೆಕ್ಕ ಯಾರ ಬಳಿ ಉಳಿಯುತ್ತದೆ? ನಾಲ್ಕಕ್ಕೂ ಬರವಣಿಗೆಯಲ್ಲಿ ಉತ್ತರ ಸಿಕ್ಕರೆ ಕೊಳ್ಳಿ, ಇಲ್ಲದಿದ್ದರೆ ಥರ್ಮಾಮೀಟರಿನಿಂದಲೇ ಶುರು ಮಾಡಿ. ಆ ಸಭೆಗೆ ಹಾಲು ಕರೆಯುವ ಅಕ್ಕಂದಿರೂ ಬರಲಿ, ಮೊದಲ ಪ್ರಶ್ನೆಯನ್ನು ಅವರೇ ಕೇಳಲಿ.