ಕೊಡ ಎತ್ತಿಕೊಡುವ ಕೈ
(ಸಾಕ್ಷರತಾ ಕೇಂದ್ರದಲ್ಲಿ ಮಾಡಿದ ಭಾಷಣ)



ಇವತ್ತು ಒಂದು ಲೆಕ್ಕ ಹೇಳ್ತೀನಿ. ನೀವೀಗ ಕೂಡುವುದು, ಕಳೆಯುವುದು ಕಲಿತಿದ್ದೀರಿ. ಸ್ಲೇಟು ತೆಗೆದುಕೊಳ್ಳಿ. ಇದು ಸರ್ಕಾರ ಕಟ್ಟುವ ಲೆಕ್ಕ.

ಕರ್ನಾಟಕದ ವಿಧಾನಸಭೆಗೆ ನಾವು 224 ಶಾಸಕರನ್ನು ಆರಿಸಿ ಕಳಿಸುತ್ತೇವೆ. ಇದರಲ್ಲಿ ಅರ್ಧ ಎಷ್ಟು? 112. ಸರ್ಕಾರ ನಡೆಸಲು ಅರ್ಧಕ್ಕಿಂತ ಒಬ್ಬರಾದರೂ ಹೆಚ್ಚು ಬೇಕು. ಅಂದರೆ 113 ಜನ. ಇದಕ್ಕೆ ಬಹುಮತ ಅಂತ ಹೆಸರು.

ಯಾವ ಪಕ್ಷಕ್ಕೂ 113 ಬರದೆ ಹೋದರೆ? 1983ರ ಜನವರಿಯಲ್ಲಿ ಹಾಗೇ ಆಯಿತು. ಜನತಾ ಪಕ್ಷದವರು 95 ಜನ ಗೆದ್ದರು. ಕಾಂಗ್ರೆಸ್ಸಿನವರು 82. ಭಾರತೀಯ ಜನತಾ ಪಕ್ಷದವರು 18. ಉಳಿದವರು ಎಡಪಕ್ಷದವರು, ಪಕ್ಷೇತರರು, ಇತರರು.

ಜನತಾ ಪಕ್ಷವೇ ಎಲ್ಲಕ್ಕಿಂತ ದೊಡ್ಡದು. ಆದರೆ 113 ಇಲ್ಲ. ಕಳೆದು ನೋಡಿ, ಎಷ್ಟು ಕಡಿಮೆ? 18. ಆಗ ಭಾರತೀಯ ಜನತಾ ಪಕ್ಷ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು. ಅವರು ಮಂತ್ರಿಗಳಾಗಲಿಲ್ಲ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. ಕರ್ನಾಟಕದಲ್ಲಿ ಕಾಂಗ್ರೆಸ್ ಅಲ್ಲದ ಮೊದಲ ಸರ್ಕಾರ ಅದು. ಇಂಥದ್ದಕ್ಕೆ ಅಲ್ಪಮತದ ಸರ್ಕಾರ ಅಂತಾರೆ.

ಹೊರಗಿನ ಬೆಂಬಲ ಅಂದರೇನು? ಬಾವಿ ಕಟ್ಟೆಯಲ್ಲಿ ನಿಮ್ಮ ಕೊಡ ತುಂಬಿದೆ. ಒಬ್ಬರೇ ತಲೆ ಮೇಲೆ ಎತ್ತಿಕೊಳ್ಳಲು ಆಗದು. ಪಕ್ಕದವಳು ಕೈ ಕೊಡುತ್ತಾಳೆ. ಹೊರುವವರು ನೀವೇ. ಆದರೆ ಅವಳ ಕೈ ಇಲ್ಲದೆ ಕೊಡ ಮೇಲೇಳದು. ನಾಳೆ ಅವಳು ಮುನಿಸಿಕೊಂಡರೆ?

ಆ ಭಯ ಇದ್ದೇ ಇರುತ್ತೆ. 1999ರಲ್ಲಿ ದಿಲ್ಲಿಯ ಸರ್ಕಾರಕ್ಕೆ ಒಂದು ಪಕ್ಷ ಬೆಂಬಲ ಹಿಂತೆಗೆದುಕೊಂಡಿತು. ಲೋಕಸಭೆಯಲ್ಲಿ ಮತ ಎಣಿಸಿದರು. ಸರ್ಕಾರದ ಪರ 269, ವಿರೋಧ 270. ಒಂದೇ ಮತದಿಂದ ವಾಜಪೇಯಿ ಸರ್ಕಾರ ಬಿತ್ತು.

ಹಾಗಾದರೆ ಇಂಥ ಸರ್ಕಾರದಿಂದ ಏನೂ ಆಗೋದಿಲ್ಲವೇ? ಹಾಗೇನಿಲ್ಲ. ಇಂಥ ಸರ್ಕಾರ ನಾಲ್ಕು ಜನರ ಮಾತು ಕೇಳಲೇಬೇಕು. ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅಂತ ಮಂತ್ರಿ ಇದ್ದರು. ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಹಾಕಿಸಿದರು. ಜನ ಅವರನ್ನು 'ನೀರ್ ಸಾಬ್' ಅಂತಲೇ ಕರೆದರು. ಅವರೇ ಮುಂದೆ ನಿಂತು 1983ರಲ್ಲಿ ಹೊಸ ಪಂಚಾಯತಿ ಕಾನೂನು ತಂದರು. ಅದರಲ್ಲಿ 100ಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲು.

ಆ ಸರ್ಕಾರ ಎರಡು ವರ್ಷ ನಡೆಯಿತು. ಆಮೇಲೆ ಲೋಕಸಭೆ ಚುನಾವಣೆಯಲ್ಲಿ ಜನತಾ ಪಕ್ಷ ಸೋತಿತು. ಹೆಗಡೆಯವರು ರಾಜೀನಾಮೆ ಕೊಟ್ಟು, ಜನರೇ ತೀರ್ಪು ಹೇಳಲಿ ಅಂದರು. 1985ರಲ್ಲಿ ಮತ್ತೆ ಚುನಾವಣೆ. ಈ ಸಲ ಜನ 139 ಸ್ಥಾನ ಕೊಟ್ಟರು. ಈಗ ಯಾರ ಕೈಯೂ ಬೇಕಿರಲಿಲ್ಲ.

1987ರಲ್ಲಿ ಆ ಕಾನೂನಿನ ಪ್ರಕಾರ ಪಂಚಾಯತಿ ಚುನಾವಣೆ ನಡೆಯಿತು. ಒಲೆ ಮುಂದೆ ಕೂತಿದ್ದ ಸಾವಿರಾರು ಹೆಂಗಸರು ಪಂಚಾಯತಿ ಕುರ್ಚಿಯಲ್ಲಿ ಕೂತರು. ಈಗ ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧ ಸ್ಥಾನ ನಮಗೇ ಮೀಸಲು.

'ನನ್ನ ಒಂದು ಓಟಿನಿಂದ ಏನಾದೀತು' ಅಂತ ಕೆಲವರು ಅಂತಾರೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಏನಾಯಿತು ಗೊತ್ತೇ? ಧ್ರುವನಾರಾಯಣ ಅವರು ಒಂದೇ ಒಂದು ಓಟಿನಿಂದ ಗೆದ್ದು ಶಾಸಕರಾದರು. ಅಂಥ ಒಬ್ಬ ಶಾಸಕನೇ 112ನ್ನು 113 ಮಾಡಬಹುದು.

ಅದಕ್ಕೇ ಅಕ್ಕಂದಿರೇ, ಇನ್ನು ಮುಂದೆ ಚುನಾವಣೆ ಮುಗಿದ ಮೇಲೆ ಪತ್ರಿಕೆ ಓದಿ. ಮೂರು ಪ್ರಶ್ನೆ ಕೇಳಿ. ಯಾರಿಗೆ ಎಷ್ಟು ಸ್ಥಾನ? ಯಾರು ಯಾರಿಗೆ ಕೈ ಕೊಟ್ಟರು? ಏನು ಮಾತು ಕೊಟ್ಟು ಕೈ ಪಡೆದರು? ಬೇರೆಯವರು ಹೇಳಿದ ಲೆಕ್ಕ ನಂಬಬೇಡಿ. ನೀವೇ ಕೂಡಿ ನೋಡಿ.

ನಿಮಗೀಗ ಲೆಕ್ಕ ಬರುತ್ತೆ.