ಗಡಿಯ ಹಸಿರು ಬೇಲಿ: ಹತೋಟಿಯ ಕ್ರಮ ಮತ್ತು ಪಂಚಾಯಿತಿಯ ಹೊಣೆ

(ನಂದಿಗುಡಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಬಾಗಿಲಿಗೆ ಬರುವ ತಕರಾರುಗಳಲ್ಲಿ ಬೇಲಿಯ ತಕರಾರು ನೋಡಲು ಚಿಕ್ಕದು, ಬಾಳಿಕೆಯಲ್ಲಿ ದೊಡ್ಡದು. ಬೆಳೆಯನ್ನು ಕಾಯಲೆಂದು ನೆಟ್ಟ ಗಿಡಗಳ ಸಾಲು ಹತ್ತು ವರ್ಷ ಕಳೆಯುವಷ್ಟರಲ್ಲಿ ಪಕ್ಕದವರ ಬಿಸಿಲನ್ನೂ ಬಂಡಿದಾರಿಯ ಅಗಲವನ್ನೂ ನುಂಗಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಇಂತಹ ಬೇಲಿಯನ್ನು ಕಡಿದುಹಾಕದೆಯೇ ಹತೋಟಿಗೆ ತರುವ ಕ್ರಮ ಯಾವುದು, ಅದರಲ್ಲಿ ಪಂಚಾಯಿತಿಯ ಪಾತ್ರವೇನು ಎಂಬುದು ಈ ಉಪನ್ಯಾಸದ ವಿಷಯ.

ಭದ್ರಾ ನಾಲೆಯ ನೀರನ್ನು ನೆಚ್ಚಿದ ಹರಿಹರ ತಾಲ್ಲೂಕಿನಲ್ಲಿ ಭತ್ತದ ಗದ್ದೆಗಳ ಪಕ್ಕದಲ್ಲೇ ತೆಂಗು, ಅಡಿಕೆಯ ತೋಟಗಳಿವೆ. ತೋಟದ ಅಂಚಿನಲ್ಲಿ ಸರ್ವೆ, ಸಿಲ್ವರ್ ಓಕ್, ಗ್ಲಿರಿಸಿಡಿಯ ಮುಂತಾದವನ್ನು ನೆಡುವುದು ವಾಡಿಕೆ. ಶಾಲೆ, ಕಚೇರಿ, ಮನೆಯಂಗಳದ ಅಂಚಿಗೆ ನರ್ಸರಿಯವರು ಮೋರ್‌ಪಂಖಿ ಎಂದು ಮಾರುವ ಥೂಜಾ, ಸೈಪ್ರೆಸ್ ಬರುತ್ತವೆ. ಥೂಜಾ, ಸೈಪ್ರೆಸ್‌ಗಳು ಶಂಕುಧಾರಿ ವರ್ಗದವು. ಸರ್ವೆ ಸೂಜಿ ಎಲೆಯ ಮರದಂತೆ ಕಂಡರೂ ಆ ವರ್ಗಕ್ಕೆ ಸೇರಿದ್ದಲ್ಲ, ಹೂ ಬಿಡುವ ಮರ. ಸವರುವ ಮೊದಲು ಈ ಭೇದ ತಿಳಿದಿರಬೇಕು.

ಥೂಜಾ, ಸೈಪ್ರೆಸ್‌ಗಳ ಹಸಿರೆಲ್ಲ ಹೊರಮೈಯಲ್ಲೇ ಇರುತ್ತದೆ. ಒಳಗಿನದು ಒಣಗಿದ ಕಂದು ಕಡ್ಡಿ. ಆ ಹಳೆಯ ಕಡ್ಡಿಯವರೆಗೆ ಕತ್ತರಿಸಿದರೆ ಸಾಮಾನ್ಯವಾಗಿ ಅಲ್ಲಿ ಮತ್ತೆ ಚಿಗುರು ಬರುವುದಿಲ್ಲ, ಬೇಲಿಯಲ್ಲಿ ಶಾಶ್ವತವಾದ ಕಂಡಿ ಉಳಿಯುತ್ತದೆ. ಆದ್ದರಿಂದ ಹಸಿರು ಇರುವಷ್ಟರಲ್ಲೇ, ವರ್ಷಕ್ಕೆ ಎರಡು ಸಲ, ತೆಳುವಾಗಿ ಸವರಬೇಕು. ಎಳೆಯ ಸರ್ವೆ ಕತ್ತರಿಗೆ ಒಗ್ಗಿ ದಟ್ಟ ಬೇಲಿಯಾಗುತ್ತದೆ. ಬಲಿತ ಮರವನ್ನು ಬುಡಕ್ಕೆ ಕಡಿದರೆ ಚೆನ್ನಾಗಿ ಚಿಗುರುವುದಿಲ್ಲ. ಗ್ಲಿರಿಸಿಡಿಯ ಮಾತ್ರ ಎಷ್ಟು ಕಡಿದರೂ ಚಿಗುರುತ್ತದೆ, ಅದರ ಸೊಪ್ಪು ಗದ್ದೆಗೆ ಹಸಿರೆಲೆ ಗೊಬ್ಬರವೂ ಆಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ಬೇಲಿಗೂ ಸಲ್ಲುತ್ತದೆ. ನಾಲ್ಕು ವರ್ಷ ಸವರದೆ ಬಿಟ್ಟ ಶಂಕುಧಾರಿ ಬೇಲಿಯ ಮಾಲೀಕನಿಗೆ ಕೊನೆಯಲ್ಲಿ ಎರಡೇ ದಾರಿ: ಸಹಿಸುವುದು, ಇಲ್ಲವೇ ಕಡಿಯುವುದು. ಜಗಳ ಹುಟ್ಟುವುದೂ ಆಗಲೇ.

ನೆರಳಿನ ಲೆಕ್ಕವನ್ನೂ ನೋಡಬೇಕು. ಡಿಸೆಂಬರ್‌ ಕೊನೆಯಲ್ಲಿ ಈ ಭಾಗದಲ್ಲಿ ನಡುಮಧ್ಯಾಹ್ನದ ಸೂರ್ಯ ಸುಮಾರು 52 ಡಿಗ್ರಿ ಎತ್ತರದಲ್ಲಿ, ದಕ್ಷಿಣಕ್ಕೆ ವಾಲಿರುತ್ತಾನೆ. ಆಗ 30 ಅಡಿ ಎತ್ತರದ ಸಾಲಿನ ನೆರಳು ಉತ್ತರಕ್ಕೆ ಸುಮಾರು 23 ಅಡಿ ಚಾಚುತ್ತದೆ. ಮಧ್ಯಾಹ್ನದ ನಂತರ ಸೂರ್ಯ 30 ಡಿಗ್ರಿಗೆ ಇಳಿದಾಗ ಅದೇ ಸಾಲಿನ ನೆರಳು 52 ಅಡಿಯಾಗಿ ಈಶಾನ್ಯದ ಕಡೆ ಬೀಳುತ್ತದೆ. ಸಾಲನ್ನು 6 ಅಡಿಗೆ ಸವರಿದ್ದರೆ ಈ ಎರಡೂ ನೆರಳು ಕ್ರಮವಾಗಿ 5 ಅಡಿ ಮತ್ತು 10 ಅಡಿಯ ಆಸುಪಾಸಿನಲ್ಲಿ ನಿಲ್ಲುತ್ತವೆ. ಬಿಸಿಲು ಬೇಕಾದ ಭತ್ತಕ್ಕೆ ಈ ವ್ಯತ್ಯಾಸ ಬಹಳ ದೊಡ್ಡದು.

ಹಾಗೆಂದು ಎತ್ತರದ ಸಾಲೆಲ್ಲ ಕೆಡುಕಲ್ಲ. ದಕ್ಷಿಣ, ಪಶ್ಚಿಮದ ಬಿಸಿಲು ನೇರವಾಗಿ ತಾಗಿದರೆ ಅಡಿಕೆಯ ಕಾಂಡ ಸುಡುತ್ತದೆ, ಸೀಳುತ್ತದೆ. ಆದ್ದರಿಂದ ತೋಟದ ದಕ್ಷಿಣ, ಪಶ್ಚಿಮ ಅಂಚಿನ ಸಾಲು ಎತ್ತರವಾಗಿದ್ದರೆ ಅದರ ನೆರಳು ಹೆಚ್ಚಾಗಿ ಮಾಲೀಕನ ತೋಟಕ್ಕೇ ಉಪಯೋಗವಾಗುತ್ತದೆ. ಉತ್ತರ, ಪೂರ್ವ ಅಂಚಿನ ಎತ್ತರದ ಸಾಲು ಅವನಿಗೆ ಹೆಚ್ಚು ಲಾಭ ತರದೆ ನೆರೆಯವರಿಗೆ ನಷ್ಟ ತರುತ್ತದೆ. ದಕ್ಷಿಣ, ಪಶ್ಚಿಮದಲ್ಲಿ ಎತ್ತರ, ಉತ್ತರ, ಪೂರ್ವದಲ್ಲಿ ತಗ್ಗು ಎಂಬ ಸೂತ್ರವನ್ನು ರೈತರಿಗೆ ತಿಳಿಸಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ. ಪಶ್ಚಿಮದ ಸಾಲಿನ ಬೆಳಗಿನ ನೆರಳು ಆಚೆಯವರ ಮೇಲೆ ಬೀಳುವುದರಿಂದ ಅದನ್ನು ಗಡಿಗೆ ಒತ್ತಿ ನೆಡದೆ ಒಳಗೆ ಸರಿಸಿ ನೆಡಬೇಕು. ಯಾವ ಬೇಲಿಯನ್ನಾದರೂ ಗಡಿಯಿಂದ ಕನಿಷ್ಠ 3 ಅಡಿ ಒಳಗೆ ನೆಟ್ಟರೆ ಎರಡೂ ಬದಿಯನ್ನು ಸ್ವಂತ ನೆಲದಲ್ಲೇ ನಿಂತು ಸವರಬಹುದು.

ಸವರುವಾಗ ಬುಡ ಅಗಲ, ತುದಿ ಕಿರಿದು ಇರುವಂತೆ ಆಕಾರ ಕೊಡಬೇಕು. ಆಗ ಕೆಳಗಿನ ಎಲೆಗೂ ಬೆಳಕು ತಲುಪಿ ಬುಡ ಬರಿದಾಗುವುದಿಲ್ಲ. ಮೊದಲ ಮಳೆಗಳ ನಂತರ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಸವರುವುದು ಸೂಕ್ತ, ಕಡುಬೇಸಿಗೆಯಲ್ಲಿ ಬೇಡ. ಹಕ್ಕಿಗೂಡು, ಜೇನು, ಹಾವುಗಳನ್ನು ಮೊದಲು ನೋಡಿಕೊಳ್ಳಬೇಕು. ವಿದ್ಯುತ್ ತಂತಿಗೆ ತಾಗುವ ರೆಂಬೆಯನ್ನು ರೈತರು ತಾವೇ ಮುಟ್ಟದೆ ಬೆಸ್ಕಾಂಗೆ ತಿಳಿಸಬೇಕು, ಸಹಾಯವಾಣಿ 1912.

ಕಾನೂನಿನ ವಿಷಯ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿಯನ್ನು ಕಡ್ಡಾಯಗೊಳಿಸುತ್ತದೆ. ಸರ್ವೆ, ಸಿಲ್ವರ್ ಓಕ್, ನೀಲಗಿರಿ, ಸುಬಾಬುಲ್, ಗ್ಲಿರಿಸಿಡಿಯ ಮುಂತಾದವಕ್ಕೆ ವಿನಾಯಿತಿಯಿದೆ. ಉಳಿದ ಮರಗಳ ದೊಡ್ಡ ರೆಂಬೆ ಸವರುವ ಮುನ್ನವೂ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಬೇಲಿ ಯಾರ ನೆಲದಲ್ಲಿದೆ ಎಂಬುದೇ ವಿವಾದವಾದರೆ ಅದನ್ನು ತೀರ್ಮಾನಿಸುವುದು ಪಂಚಾಯಿತಿಯ ಕೆಲಸವಲ್ಲ. ಹದ್ದುಬಸ್ತಿಗೆ ಅರ್ಜಿ ಸಲ್ಲಿಸಿ ಭೂಮಾಪಕರಿಂದ ಅಳತೆ ಮಾಡಿಸುವಂತೆ ಹೇಳಬೇಕು. ಸಾರ್ವಜನಿಕ ದಾರಿಯ ಮೇಲೆ ಬೇಲಿ ಚಾಚಿದ್ದರೆ ಮಾತ್ರ ಅಡಚಣೆ ತೆರವಿಗೆ ನೋಟಿಸು ನೀಡಿ ಕ್ರಮ ಕೈಗೊಳ್ಳುವ ಅಧಿಕಾರ ಪಂಚಾಯಿತಿಗಿದೆ.

ಇಂಗ್ಲೆಂಡಿನಲ್ಲಿ ಲೇಲ್ಯಾಂಡ್ ಸೈಪ್ರೆಸ್ ಎಂಬ ಶೀಘ್ರ ಬೆಳೆಯುವ ಶಂಕುಧಾರಿಯ ಬೇಲಿಗಳು ನೆರೆಹೊರೆಯಲ್ಲಿ ಎಷ್ಟು ವೈಮನಸ್ಯ ತಂದವೆಂದರೆ, ಅದಕ್ಕಾಗಿ 2003ರಲ್ಲಿ ಕಾನೂನು ರಚಿಸಿ 2005ರಲ್ಲಿ ಜಾರಿಗೆ ತರಬೇಕಾಯಿತು. 2 ಮೀಟರ್ ಮೀರಿದ ನಿತ್ಯಹಸಿರು ಬೇಲಿಯ ಬಗ್ಗೆ ಅಲ್ಲಿನ ಸ್ಥಳೀಯ ಸಂಸ್ಥೆಗೆ ದೂರು ಕೊಡಬಹುದು. ಆದರೆ ಮೊದಲು ನೆರೆಯವರೊಡನೆ ಮಾತಾಡಿ ಬಗೆಹರಿಸಲು ಯತ್ನಿಸಿರಬೇಕು. ಸಂಸ್ಥೆಯು ತಗ್ಗಿಸಲು ಆದೇಶಿಸಬಹುದೇ ಹೊರತು ಬೇಲಿಯನ್ನು ಕಿತ್ತುಹಾಕಲು ಹೇಳುವಂತಿಲ್ಲ. ನಮ್ಮಲ್ಲಿ ಅಂತಹ ಪ್ರತ್ಯೇಕ ಕಾನೂನು ಇಲ್ಲದಿದ್ದರೂ ಆ ಎರಡು ವಿವೇಕಗಳನ್ನು ಅಳವಡಿಸಿಕೊಳ್ಳಲು ಅಡ್ಡಿಯಿಲ್ಲ.

ಸದಸ್ಯರು ಮಾಡಬಹುದಾದದ್ದು ಇಷ್ಟು. ಪ್ರತಿ ಮಳೆಗಾಲದ ಮುನ್ನ ತಮ್ಮ ವಾರ್ಡಿನ ಬಂಡಿದಾರಿ, ಶಾಲೆಯ ದಾರಿ, ಕಾಲುವೆಯ ಏರಿಗಳಲ್ಲಿ ಒಮ್ಮೆ ನಡೆದು, ಚಾಚಿದ ಬೇಲಿಗಳ ಪಟ್ಟಿಯನ್ನು ಪಂಚಾಯಿತಿಯ ಮುಂದಿಡುವುದು. ಮೊದಲು ಬಾಯಿಮಾತು, ಆಮೇಲೆ ನೋಟಿಸು ಎಂಬ ಕ್ರಮ ಪಾಲಿಸುವುದು. ಇಬ್ಬರು ನೆರೆಯವರು ಒಪ್ಪಿದ ಎತ್ತರವನ್ನು ಇಬ್ಬರ ಸಹಿಯೊಡನೆ ಬರೆದಿಡಿಸುವುದು. ಮುಂದಿನ ವರ್ಷ ಮಾತು ಬದಲಾಗದಂತೆ ಆ ಒಂದು ಹಾಳೆ ಕಾಯುತ್ತದೆ. ಸವರಿದ ಸೊಪ್ಪನ್ನು ಸುಡದೆ ತೋಟದ ಹೊದಿಕೆಗೆ, ಗೊಬ್ಬರದ ಗುಂಡಿಗೆ ಹಾಕಿಸುವುದು. ಪಂಚಾಯಿತಿ, ಶಾಲೆ, ಅಂಗನವಾಡಿಯ ಆವರಣದ ಬೇಲಿಯನ್ನು ಎಲ್ಲರಿಗಿಂತ ಮೊದಲು ಸವರಿಸುವುದು. ತನ್ನ ಬೇಲಿ ದಾರಿಗೆ ಚಾಚಿರುವ ಸಂಸ್ಥೆಯ ನೋಟಿಸಿಗೆ ಊರಿನಲ್ಲಿ ಬೆಲೆಯಿರುವುದಿಲ್ಲ.

ಬೇಲಿ ಸವರಲು ವರ್ಷಕ್ಕೆ ಎರಡು ದಿನ ಸಾಕು. ಆ ಎರಡು ದಿನ ತಪ್ಪಿದರೆ ಮುಂದೆ ಮರವೂ ಉಳಿಯುವುದಿಲ್ಲ, ಬದುವಿನ ಆಚೀಚೆಯ ಮಾತುಕತೆಯೂ ಉಳಿಯುವುದಿಲ್ಲ.